ಅಜ್ಜನ ಸಾಲಿಗ್ರಾಮ, ಮೊಮ್ಮಗಳ ಗ್ರಾಫು: ಅಮೊನೈಟ್‌ಗಳ ಗೆರೆ ಹೇಗೆ ಎಳೆಯೋದು?

ಕೊಥ್ರೂಡಿನ ಸೊಸೆ · ಶನಿವಾರ, ಬೆಳಿಗ್ಗೆ 9:10

ಕಾಫಿ ಇಟ್ಕೊಂಡು ಓದಿ, ಸ್ವಲ್ಪ ಉದ್ದ ಇದೆ.

ನಮ್ಮತ್ತೆ ಮನೆಯವರು ರಾಯಚೂರು ಕಡೆಯ ಮಾಧ್ವರು, ಪುಣೆಗೆ ಬಂದು ನಲವತ್ತು ವರ್ಷದ ಮೇಲಾಯ್ತು. ಮಾವನವರು ದಿನಾ ಮಡಿಯುಟ್ಟು ದೇವರ ಪೆಟ್ಟಿಗೆ ಬಿಚ್ಚುತ್ತಾರೆ. ಹೆಂಗಸರು ಸಾಲಿಗ್ರಾಮ ಮುಟ್ಟೋ ಹಾಗಿಲ್ಲ (ಇದರ ಬಗ್ಗೆ ಇಲ್ಲಿ ಜಗಳ ಬೇಡ, ಬೇಕಿದ್ರೆ ಬೇರೆ ಎಳೆ ತೆಗೀರಿ). ಇರೋದರಲ್ಲಿ ಒಂದು ಎರಡು ಹೋಳಾಗಿದೆ. ಒಡೆದಿದ್ರೂ ಪೂಜೆಗೆ ಬರುತ್ತೆ ಅಂತಾರೆ ಮಾವ.

ಮಗಳು ಒಂಬತ್ತನೇ ಕ್ಲಾಸು. ಮೊನ್ನೆ ಅಭಿಷೇಕದ ಹೊತ್ತಿಗೆ ಅಜ್ಜನ ಪಕ್ಕ ಕೂತು ಮೊಬೈಲಲ್ಲಿ ಫೋಟೋ ತೆಗೆದಳು. ಹಾಲು ಬಿದ್ದಾಗ ಏನೂ ಕಾಣಲ್ಲ. ನೀರು ಬಿದ್ದ ಕೂಡಲೇ ಕಪ್ಪು ಕಲ್ಲಿನ ಮೇಲೆ ಚಕ್ರ ಎದ್ದು ಬರುತ್ತೆ. ಒಳಗಿಂದ ಹೊರಡುವಾಗ ಗೆರೆ ಒಂದೊಂದೇ. ಅಂಚಿಗೆ ಬರ್ತಾ ಕವಲೊಡೆದು ಎರಡೆರಡು. ಆ ಕವಲುಗಳ ಸಂದಿಯಲ್ಲಿ ಮಾತ್ರ ಹಾಲಿನ ಬಿಳಿ ಉಳ್ಕೊಂಡಿತ್ತು, ಯಾರೋ ತೆಳ್ಳಗೆ ರಂಗೋಲಿ ಎಳೆದ ಹಾಗೆ. ಇನ್ನೊಂದು ಹೋಳಿನಲ್ಲಿ ಅದೇ ಚಕ್ರ ಅಚ್ಚಾಗಿ ಒಳಕ್ಕೆ ಇಳಿದಿದೆ.

"ಅಮ್ಮಾ, ಇದು ಅಮೊನೈಟ್" ಅಂದಳು, ಹಿಂದೆ ಸಮುದ್ರದಲ್ಲಿದ್ದ ಒಂದು ಚಿಪ್ಪಿನ ಪ್ರಾಣಿಯಂತೆ. ಈಗ ಅವಳ ಶಾಲೆ ಪ್ರಾಜೆಕ್ಟು ಅದೇ: ಅಳಿದು ಹೋದ ಒಂದು ಜೀವಿಗುಂಪು ತೆಗೆದುಕೊಂಡು, ಅದರಲ್ಲಿ ಎಷ್ಟು ಬಗೆ ಇದ್ದವು, ಕಾಲ ಕಾಲಕ್ಕೆ ಹೇಗೆ ಹೆಚ್ಚು ಕಡಿಮೆ ಆದವು ಅಂತ ಗ್ರಾಫ್ ಬರೀಬೇಕು. ಅವಳು ಒಂದು ಗುಡ್ಡ ಬರೆದಿದ್ದಾಳೆ. ಮೆಲ್ಲಗೆ ಏರಿ, ಮೆಲ್ಲಗೆ ಇಳಿದು, ಡೈನೋಸಾರ್ ಜೊತೆ ಸೊನ್ನೆ. ಇದು ಸರಿಯಾ? ಗೊತ್ತಿರೋರು ಹೇಳಿ.

ಡೊಂಬಿವ್ಲಿ ಭಟ್ರು · 9:34

ಅಮೊನೈಟೋ ಗಿಮೊನೈಟೋ ಗೊತ್ತಿಲ್ಲ ಮಾರಾಯ್ರೆ. ನಮ್ಮ ಅಜ್ಜ ಹೇಳ್ತಿದ್ದದ್ದು, ವಜ್ರಕೀಟ ಅಂತ ಒಂದು ಹುಳ ಉಂಟು, ಅದು ಗಂಡಕಿ ನದಿಯಲ್ಲಿ ಕಲ್ಲು ಕೊರೆದು ಚಕ್ರ ಮಾಡ್ತದೆ ಅಂತ. ಒಳಗೆ ಒಂದು ಜೀವ ಇತ್ತು ಅಂತ ಅವರಿಗೂ ಅಂದಾಜಾಗಿತ್ತು ನೋಡಿ. ಆದರೆ ಕಲ್ಲನ್ನು ಪೆಟ್ಟಿಗೆಯಿಂದ ತೆಗೆದು ಶಾಲೆಗೆ ಕಳಿಸ್ಬೇಡಿ ಆಯ್ತಾ.

ನಿರ್ವಾಹಕ · 9:41

ಪೂಜೆ, ಮಡಿ, ಯಾರು ಮುಟ್ಟಬಹುದು ಇವೆಲ್ಲ ಇಲ್ಲಿ ಬೇಡ. ಗ್ರಾಫಿನ ಬಗ್ಗೆ ಮಾತಾಡಿ.

ಕಲ್ಲು ಕುಟಿಗ · 11:05

ಸೊಸಿಯವರ, ನಿಮ್ಮ ಮಗಳು ಶಾಣ್ಯಾ ಅದಾಳ. ಅದು ಅಮೊನೈಟ ಖರೆ. ನಾ ಮೂವತ್ತು ವರ್ಷ ಕಲ್ಲು ಕುಟ್ಟಿದಾಂವ, ಧಾರವಾಡದಾಗ ಓದಿ ಪುಣೆದಾಗ ರಿಟೈರ್ ಆದೆ. ಫೋಟೋ ನೋಡಿದೆ. ಹಿಂಗ ಗೆರಿ ಅಂಚಿನ್ಯಾಗ ಎರಡಾಗಿ ಒಡೀತಾವಲ್ಲ, ಗಂಡಕಿ ಕಲ್ಲಿನ್ಯಾಗ ಅಂಥಾವ ಭಾಳ. ಜುರಾಸಿಕ್ ಮುಗಿಯೋ ಕಾಲದ್ದು, ಸುಮಾರು 15 ಕೋಟಿ ವರ್ಷ ಹಿಂದಿಂದು. ಈಗ ಹಿಮಾಲಯ ಇದ್ದಲ್ಲೆ ಆವಾಗ ಟೆಥಿಸ್ ಸಮುದ್ರ ಇತ್ತು. ತಳದ ಕೆಸರಿನ್ಯಾಗ ಸತ್ತ ಪ್ರಾಣಿ ಹೂತು, ಸುತ್ತ ಗಟ್ಟಿ ಉಂಡಿ ಕಟ್ಟಿ, ಕೆಸರು ಕರೀ ಜೇಡಿಗಲ್ಲಾತು. ಅದಕ್ಕ ಸ್ಪಿಟಿ ಜೇಡಿಗಲ್ಲು ಅಂತಾರ. ಕಾಳಿ ಗಂಡಕಿ ಅದನ್ನ ಕೊರದು ಉಂಡಿ ಉರುಳಿಸಿಕೊಂಡು ಬರ್ತದ.

ಈಗ ಗ್ರಾಫು. ಗುಡ್ಡ ಅಳಿಸಿ ಹಾಕ್ರಿ.

ಮಲ್ಲಿಗಿ ಮಾಲಿ ಕಟ್ಟೋದು ನೋಡೀರಲ್ಲ? ಗಂಟು, ಹೂ, ಗಂಟು, ಹೂ. ಅಮೊನೈಟ್ ಬರಿಯೋದಾದ್ರ ಹಂಗ ಬರೀಬೇಕು. ಗಂಟು ಅಂದ್ರ ಬಹುಪಾಲು ಅಳಿದು ಹೋದ ಹೊತ್ತು, ಹೂ ಅಂದ್ರ ಬಗಿ ಹೆಚ್ಚಾದ ಕಾಲ. ಒಂದು ಸಣ್ಣ ದಾರ ಗಂಟಿನ್ಯಾಗ ತೂರಿ ಬರ್ತದ, ಬಂದ ಕೂಡಲೇ ಅಗಲ ಆಗ್ತದ, ಮತ್ತ ಗಂಟು. ಹಿಂಗ 34 ಕೋಟಿ ವರ್ಷ. ಊಟ ಮಾಡಿ ಬಂದು ಪೂರ್ತಿ ಬರೀತೇನಿ.

ವಾಸ್ಕೋ ಬಂದರು · 11:20

ಒಂದು ಪ್ರಶ್ನೆ. ಅಮೊನೈಟ್ ಶಂಖದ ಜಾತಿಯೋ? ಇಲ್ಲಿ ಗೋವಾದ ಒಂದು ಸಂತೆಯಲ್ಲಿ ಎರಡು ಹೋಳು ಮಾಡಿ ಪಾಲಿಶ್ ಹೊಡೆದದ್ದು ತಕೊಂಡಿದ್ದೆ. ಮಾರಿದವ "ಮಹಾಭಾರತ ಕಾಲದ ಶಂಖ" ಅಂದ. ಮನೆಗೆ ಬಂದು ನೋಡಿದರೆ ಚೀಟಿಯಲ್ಲಿ ಮಡಗಾಸ್ಕರ್ ಅಂತ ಇದೆ.

ಕಲ್ಲು ಕುಟಿಗ · 1:48

ಹೊಟ್ಟಿ ತುಂಬೇತಿ, ಈಗ ಕೂತು ಬರೀತೇನಿ.

ಮೊದಲ ವಾಸ್ಕೋದವ್ರಿಗೆ. ಶಂಖ ಬಸವನಹುಳದ ಕುಲ. ಅಮೊನೈಟ್ ನಿಮ್ಮ ಬಂದರದಾಗ ಬರೋ ಬೊಂಡಾಸ (ಸ್ಕ್ವಿಡ್), ಆಕ್ಟೋಪಸ್ ಇವುಗಳ ಕುಲ. ಸೆಫಲೋಪಾಡ್ ಅಂದ್ರ ತಲಿಗೇ ಕೈಕಾಲು ಹತ್ತಿದ ಪ್ರಾಣಿ. ಆ ಹೋಳು ಕೈಯಾಗ ಹಿಡೀರಿ. ಒಳಗ ಕ್ವಾಣಿ ಕ್ವಾಣಿ ಅದಾವಲ್ಲ? ಶಂಖದಾಗ ಹಂಗ ಇರೂದಿಲ್ಲ. ಪ್ರಾಣಿ ಕಡೀ ಕ್ವಾಣಿಯೊಳಗ ಅಷ್ಟ ಇರ್ತಿತ್ತು. ಬೆಳದಂಗ ಮುಂದ ಸರದು ಹಿಂದ ಗ್ವಾಡಿ ಕಟ್ಟತಿತ್ತು. ಹಿಂದಿನ ಖಾಲಿ ಕ್ವಾಣಿಯೊಳಗ ಗಾಳಿ, ಒಂದಿಷ್ಟು ನೀರು. ಎಲ್ಲಾ ಗ್ವಾಡಿ ತೂರಿ ಒಂದು ಸಣ್ಣ ನಳಿಗಿ ಹೋಗ್ತದ, ಅದರಿಂದ ನೀರು ಜಗ್ಗಿ ತಗದು ಭಾರ ಹೊಂದಿಸಿಕೊಂಡು ತೇಲತಿದ್ವು. ಗ್ವಾಡಿ ಚಿಪ್ಪಿಗೆ ಕೂಡೋ ಗೆರಿ ನೋಡ್ರಿ, ನೆಟ್ಟಗಿಲ್ಲ, ಜರೀಗಿಡದ ಎಲಿ ಅಂಚಿನಂಗ ಸುರುಳಿ ಸುರುಳಿ. ಈ ಗೆರಿ ನೋಡೇ ಯಾವ ಕಾಲದ್ದು ಅಂತ ಅರ್ಧ ಹೇಳಬಹುದು. ಹಳೇ ಗೋನಿಯಾಟೈಟ್‌ಗಳೊಳಗ ಬರೇ ಅಂಕುಡೊಂಕು. ಜುರಾಸಿಕ್‌ಕಿಂತ ಹಿಂದಿನ ಟ್ರಯಾಸಿಕ್ ಕಾಲದ ಸೆರಟೈಟ್‌ದಾಗ ಒಂದು ಕಡೆ ನುಣುಪು, ಒಂದು ಕಡೆ ಗರಗಸ. ಜುರಾಸಿಕ್‌ಕ್ಕ ಬಂದ್ರ ಪೂರಾ ಕಸೂತಿ.

ಈಗ ಮಾಲಿ.

ಅಮೊನೈಟ್‌ಕಿಂತ ಮೊದಲ ಅವುಗಳ ಕಾಕಾ ದೊಡ್ಡಪ್ಪ ಇದ್ರು, ನಾಟಿಲಾಯ್ಡ್‌ಗಳು. ಕೇಂಬ್ರಿಯನ್ ಕಡೀಗೆ ಬಂದು, ಆರ್ಡೋವಿಶಿಯನ್‌ದಾಗ, ಅಂದ್ರ 48ರಿಂದ 44 ಕೋಟಿ ವರ್ಷ ಹಿಂದ, ಸಮುದ್ರದಾಗ ಅವರದೇ ರಾಜ್ಯ. ನೆಟ್ಟನೆ ಕೋಲಿನಂಥ ಚಿಪ್ಪು, ಕೆಲವು ಮನಿಯ ಒಂದು ಖೋಲಿ ಉದ್ದ ಮೀರತಿದ್ವು. ಅವರ ಏರಿಕೆ ಅಲ್ಲೇ ಮುಗೀತು, ಆಮೇಲೆ ಸಾವಕಾಶ ಇಳೀತಾ ಬಂದು ಇವತ್ತು ನಾಟಿಲಸ್ ಅಂತ ಬೆರಳೆಣಿಕಿ ಜಾತಿ ಉಳದಾವ.

ಅಮೊನಾಯ್ಡ್‌ಗಳು (ಗೋನಿಯಾಟೈಟ್, ಸೆರಟೈಟ್, ಅಮೊನೈಟ್ ಎಲ್ಲಾ ಕೂಡಿದ ದೊಡ್ಡ ಕುಲ) ಹುಟ್ಟಿದ್ದು ಡೆವೋನಿಯನ್‌ದಾಗ, ಸುಮಾರು 41 ಕೋಟಿ ವರ್ಷ ಹಿಂದ. ನೆಟ್ಟನೆ ಚಿಪ್ಪಿನ ಬ್ಯಾಕ್ಟ್ರಿಟಿಡ್ ಅನ್ನೂ ಗುಂಪು ಸುರುಳಿ ಸುತ್ತಿಕೋತ ಹ್ವಾದ್ವು. ಮೊದಲ ಸಡಲ ಸುರುಳಿ, ಆಮೇಲೆ ಬಿಗಿ. 37 ಕೋಟಿ ಹತ್ರ ಒಂದು ಗಂಟು, ಮತ್ತ 35.9 ಕೋಟಿಗೆ ಡೆವೋನಿಯನ್ ಮುಗಿಯೋ ಹೊತ್ತಿಗೆ ಇನ್ನೊಂದು ಗಂಟು. ಆ ಎರಡನೇದರಾಗ ಕ್ಲೈಮೆನಿಡ್ ಅಂತ ಒಂದು ದೊಡ್ಡ ಮನೆತನ ಸಾಫ್ ಆತು. ಅವು ಹುಟ್ಟಿ ಭಾಳ ದಿನ ಆಗಿದ್ದಿಲ್ಲ, ಬೇಕಾದಷ್ಟು ತರದಾವು ಇದ್ವು, ತ್ರಿಕೋನ ಸುರುಳಿ ಸುದ್ದಾ ಇತ್ತು. ಹ್ವಾದ್ವು. ದಾಟಿದ್ದು ಬೆರಳೆಣಿಕಿ ಗೋನಿಯಾಟೈಟ್.

25.2 ಕೋಟಿ, ಪರ್ಮಿಯನ್ ಕಡೀಗೆ, ಎಲ್ಲಕ್ಕಿಂತ ಬಿಗಿ ಗಂಟು. ಸೈಬೀರಿಯಾದಾಗ ಲಾವಾ ಹರೀತು, ಸಮುದ್ರ ಕಾದು ಆಮ್ಲಜನಕ ಕಡಿಮಿ ಆತು. ಅಮೊನಾಯ್ಡ್‌ದಾಗ ಎರಡು ಮೂರು ಎಳಿ ಅಷ್ಟ ದಾಟಿದ್ವು. ನಮ್ಮ ದೇಶದ ಸುದ್ದಿನೂ ಇಲ್ಲೇ ಬರ್ತದ. ಈ ಗಂಟು ದಾಟಿದ ಕೂಡಲೇ ಸಿಗೋ ಅಮೊನೈಟ್‌ಗೆ ಒಟೋಸೆರಾಸ್ ಅಂತ ಹೆಸರು, ಹಿಮಾಲಯದ ಕಲ್ಲಿನಿಂದ ಗ್ರೀಸ್‌ಬಾಕ್ ಅನ್ನೂ ಭೂವಿಜ್ಞಾನಿ 1880ರಾಗ ಇಟ್ಟಿದ್ದು. ಭಾಳ ವರ್ಷ ಟ್ರಯಾಸಿಕ್ ಶುರು ಆತು ಅನ್ನಲಿಕ್ಕೆ ಇದೇ ಗುರುತು. 2001ರಾಗ ಆ ಮರ್ಯಾದಿ ಚೀನಾದ ಮೇಶಾನ್‌ನ ಒಂದು ಕೂದಲಿನಷ್ಟು ಸಣ್ಣ ಹಲ್ಲಿನ ಪಳಿಯುಳಿಕಿಗೆ ಹೋತು. ನನಗ ಇನ್ನೂ ಸ್ವಲ್ಪ ಸಿಟ್ಟದ.

ಆದ್ರ ಬೆರಗಾಗೋ ಮಾತು ಮುಂದದ. ಬಸವನಹುಳ, ಚಿಪ್ಪುಮೀನು ಇವು ಚೇತರಿಸಿಕೊಳ್ಳಿಕ್ಕೆ ಇದಕಿಂತ ಎಷ್ಟೋ ಹೆಚ್ಚು ಕಾಲ ತಗೊಂಡ್ವು. ಅಮೊನಾಯ್ಡ್‌ಗಳು? ಹತ್ತಿಪ್ಪತ್ತು ಲಕ್ಷ ವರ್ಷದಾಗ ಮೊದಲಿನಕಿಂತ ಹೆಚ್ಚು ಬಗಿ ಆಗಿಬಿಟ್ವು. 2009ರಾಗ ಪ್ರಕಟ ಆದ ಲೆಕ್ಕ ಇದು. ಎರಡು ಎಳಿ ಇದ್ದದ್ದು ತುಂಬಿದ ಮನಿ ಆತು.

20.1 ಕೋಟಿ, ಟ್ರಯಾಸಿಕ್ ಮುಗಿಯೋವಾಗ ಮತ್ತ ಅದೇ ಕಥಿ. ಅಟ್ಲಾಂಟಿಕ್ ಬಿರೀತಾ ಬಂದು ಲಾವಾ. ಸೆರಟೈಟ್ ಸಂತಾನ ಪೂರಾ ಹೋತು. ದಾಟಿದ ಎಳಿ ಒಂದೋ ಎರಡೋ. ನಿಮ್ಮ ಮಾವನ ಪೆಟ್ಟಿಗಿಯೊಳಗಿಂದು, ವಾಸ್ಕೋದವರ ಹೋಳು, ಕಛ್‌ದಾಗ ಸಿಗೋದು, ಅರಿಯಲೂರದಾಗ ಸಿಗೋದು, ಎಲ್ಲಾ ಆ ಎಳಿ ಮಕ್ಕಳು ಮೊಮ್ಮಕ್ಕಳು.

ಕಡೀದು 6.6 ಕೋಟಿ. ಅಲ್ಲಿ ಗಂಟಿಲ್ಲ, ದಾರನ ಹರದದ.

ಡೊಂಬಿವ್ಲಿ ಭಟ್ರು · 2:15

ಅಬ್ಬಾ. ನಾನು ಸಾಲಿಗ್ರಾಮ ಅಂದ್ರೆ ಒಂದೇ ತರದ ಪ್ರಾಣಿ ಅಂತ ಗ್ರಹಿಸಿದ್ದೆ. ಒಟ್ಟು ಎಷ್ಟು ಜಾತಿ ಇದ್ದಾವು?

ಕಲ್ಲು ಕುಟಿಗ · 2:22

ಇಲ್ಲೀವರೆಗೂ ಹೆಸರು ಇಟ್ಟಿದ್ದು ಹತ್ತು ಸಾವಿರದ ಮ್ಯಾಲ ಪ್ರಭೇದ. ಎಲ್ಲಾ ಒಂದೇ ಹೊತ್ತಿನ್ಯಾಗ ಇದ್ದಿದ್ದಿಲ್ಲ ಮತ್ತ. ಒಂದು ಜಾತಿ ಹತ್ತು ಲಕ್ಷ ವರ್ಷ ಬಾಳಿದ್ರ ದೊಡ್ಡ ಮಾತು. ಅದಕ್ಕ ಕಲ್ಲಿನ ವಯಸ್ಸು ಹೇಳಲಿಕ್ಕೆ ಅಮೊನೈಟ್ ನಮಗ ಪಂಚಾಂಗ ಇದ್ದಂಗ.

ಅಂಧೇರಿ ಲೋಕಲ್ · 4:40

ನಾನು ಡೇಟಾ ಕೆಲಸದವನು, ಕಲ್ಲಿನ ಗಂಧ ಇಲ್ಲ. ಆದರೂ ಒಂದು ಅನುಮಾನ. ಹತ್ತು ಸಾವಿರ ಅನ್ನೋ ಸಂಖ್ಯೆ ಎಣಿಸಿದ್ದು ಯಾರು? ಹೆಸರು ಇಡೋರು ಹೆಚ್ಚಿದ್ದ ಕಾಲದ ಕಲ್ಲಿನಲ್ಲಿ ಜಾತಿ ಹೆಚ್ಚು ಕಾಣುತ್ತೆ ಅಲ್ವಾ? ಕಲ್ಲೇ ಉಳಿಯದ ಕಾಲದಲ್ಲಿ ಗಂಟು ಇದ್ದ ಹಾಗೆ ಕಾಣಬಹುದು. ನಿಮ್ಮ ಹೂಮಾಲೆ ಪ್ರಾಣಿಗಳದ್ದೋ, ಎಣಿಸಿದವರದ್ದೋ?

ಕಲ್ಲು ಕುಟಿಗ · 5:30

ಭೇಷ್. ಈ ಪ್ರಶ್ನೆ ನಮ್ಮ ಕಾಲೇಜಿನ್ಯಾಗ ಯಾರೂ ಕೇಳಲಿಲ್ಲ.

ಕಛ್ ತಗೋರಿ. 1873ರಿಂದ 75ರ ನಡುವ ವಾಗೆನ್ ಅಂತ ಒಬ್ಬಾಂವ ಅಲ್ಲಿನ ಜುರಾಸಿಕ್ ಅಮೊನೈಟ್‌ಗಳ ಮ್ಯಾಲ ದೊಡ್ಡ ಗ್ರಂಥ ಬರದ. 1927ರಿಂದ 33ರ ತನಕ ಸ್ಪಾತ್ ಅನ್ನಾಂವ ಲಂಡನ್‌ದಾಗ ಕೂತು ಅದನ್ನ ತಿದ್ದಿದ. ತಿದ್ದಿದ ಅಂದ್ರ, ಎರಡು ಚಿಪ್ಪಿನ್ಯಾಗ ಒಂದು ಗೆರಿ ಫರಕ್ ಕಂಡ್ರ ಎರಡು ಹೆಸರು. ಹಿಂಗಾಗಿ ಹೆಸರಿನ ರಾಶಿ ಬಿತ್ತು. 1960ರ ಹತ್ರ ಗೊತ್ತಾಗಿದ್ದೇನು? ಒಂದೇ ಪದರದಾಗ ಜೋಡಿ ಜೋಡಿ ಸಿಗತಾವ, ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದರ ಬಾಯಿಗೆ ಎರಡು ಕಡೆ ಕಿವಿ ಹಂಗ ಚಾಚಿರ್ತದ. ಒಳಗಿನ ಸುರುಳಿ ಎರಡಕ್ಕೂ ಒಂದ. ಅಂದ್ರ ದೊಡ್ಡದು ಹೆಣ್ಣು, ಸಣ್ಣದು ಗಂಡು. ಗಂಡ ಹೆಂಡತಿಗೆ ಬ್ಯಾರೆ ಬ್ಯಾರೆ ಕುಲದ ಹೆಸರು ಇಟ್ಟು ಕೂತಿದ್ವಿ! ಪಾನ್ ಕಾರ್ಡಿನ್ಯಾಗ ಒಂದು ಹೆಸರು, ಆಧಾರದಾಗ ಒಂದು ಹೆಸರು ಅಂತಾರಲ್ಲ, ಹಂಗ. ಕಛ್‌ದ ಪಟ್ಟಿ ಇವತ್ತಿಗೂ ಕಡಿಮಿ ಆಗ್ತಾನೆ ಅದ.

ಹಂಗಂತ ಗಂಟು ಸುಳ್ಳಲ್ಲ. ಪ್ರಭೇದ ಬಿಟ್ಟು ಕುಲ, ಕುಟುಂಬ ಎಣಿಸಿದ್ರೂ ಗಂಟು ಅಲ್ಲೇ ಬೀಳತಾವ. ರೌಪ್ ಮತ್ತ ಸೆಪ್ಕೋಸ್ಕಿ 1982ರಾಗ ಸಮುದ್ರದ ಎಲ್ಲಾ ಪ್ರಾಣಿ ಕುಟುಂಬ ಎಣಿಸಿ ಐದು ದೊಡ್ಡ ಅಳಿವು ಅಂದ್ರು, ಅದರಾಗ ನಾಕು ಇಲ್ಲಿನ ತಾರೀಖಿನ ಹತ್ರನ ಬೀಳತಾವ. ಹೂವಿನ ಅಗಲ ಎಷ್ಟು ಅಂತ ಜಗಳ ಆಡಬಹುದು, ಗಂಟಿನ ಜಾಗಾದ ಮ್ಯಾಲ ಆಡಲಿಕ್ಕೆ ಬರೂದಿಲ್ಲ.

ವಾಘೋಲಿ ವಾಸಿ · 6:02

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಕಡೆ ಖಡಿ ಕ್ವಾರಿಯಲ್ಲಿ ನನಗೆ ನೀಲಿ ಹೂವಿನ ಹಾಗಿರೋ ಕಲ್ಲು ಸಿಕ್ಕಿದೆ, ಸುತ್ತ ಬಿಳಿ ಹರಳು. ಇದೂ ಪಳೆಯುಳಿಕೆನಾ?

ಕಲ್ಲು ಕುಟಿಗ · 6:10

ಇಲ್ಲ. ಅದು ಕವನ್ಸೈಟ್, ಖನಿಜ. ವಾಘೋಲಿ ಅದಕ್ಕ ಜಗತ್ಪ್ರಸಿದ್ಧ. ಲಾವಾದಾಗ ಗಾಳಿಗುಳ್ಳಿ ಆದಲ್ಲೆ ಆಮೇಲೆ ಹರಳು ಬೆಳದದ್ದು. ಜ್ವಾಕಿ ಇಟಗೋರಿ, ಛೊಲೋ ವಸ್ತು. ಪುಣೆ ಕಲ್ಲಿನ್ಯಾಗ ಅಮೊನೈಟ್ ಹುಡುಕಬ್ಯಾಡ್ರಿ, ಇದು ಪೂರಾ ಬಸಾಲ್ಟ್. ಹತ್ರ ಅಂದ್ರ ನರ್ಮದಾ ಕಣಿವಿ ಬಾಗ್. ಜುರಾಸಿಕ್ ಮುಗದ ಮ್ಯಾಲಿನ ಕ್ರಿಟೇಶಿಯಸ್ ಕಾಲದಾಗ ಸಮುದ್ರದ ಒಂದು ತೋಳು ಅಲ್ಲೀತನಕ ಬಂದಿತ್ತು. ನಮ್ಮ ಪುಣೆಯ ಚಿಪ್ಳೂಣಕರ್ ಅನ್ನೋ ವಿಜ್ಞಾನಿ ಅಲ್ಲಿನ ಅಮೊನೈಟ್ ಮ್ಯಾಲ ಕೆಲಸ ಮಾಡ್ಯಾರ.

ಮತ್ತ ಯಾರರ ಕೇಳೋಕಿಂತ ಮೊದಲ ನಾನ ಹೇಳ್ತೇನಿ: ಬಾದಾಮಿ, ಕಲಾದಗಿ ಕಲ್ಲಿನ್ಯಾಗೂ ಸಿಗೂದಿಲ್ಲ. ಅವು ಚಿಪ್ಪಿನ ಪ್ರಾಣಿ ಹುಟ್ಟೋಕಿಂತ ಮೊದಲಿನಾವು.

ಅಂಧೇರಿ ಲೋಕಲ್ · 6:25

ಮುಂಬೈಯಲ್ಲೂ ಅಷ್ಟೇ ತಾನೇ? ನಮ್ಮ ಮನೆ ಕಿಟಕಿಯಿಂದ ಗಿಲ್ಬರ್ಟ್ ಹಿಲ್ ಕಾಣುತ್ತೆ. ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ ಕಂಬ ಕಂಬದ ಕಪ್ಪು ಬಸಾಲ್ಟು.

ಕಲ್ಲು ಕುಟಿಗ · 6:31

ಅಷ್ಟ. ಎರಡು ಲಾವಾ ಪದರದ ನಡುವ ಮುಂಬೈಯ ವರ್ಳಿಯೊಳಗ ಕಪ್ಪಿ ಪಳಿಯುಳಿಕಿ ಸಿಕ್ಕಾವ, ಆದ್ರ ಅದು ಸಿಹಿನೀರಿನ ಕೆರಿ ಕಪ್ಪಿ.

ಕೊಥ್ರೂಡಿನ ಸೊಸೆ · ರಾತ್ರಿ 8:50

ಕಾಕಾ, ಎಷ್ಟು ಥ್ಯಾಂಕ್ಸ್ ಹೇಳಲಿ. ಮಗಳು ಎಲ್ಲಾ ಓದಿದಳು. ಅವಳ ಒಂದು ತಕರಾರು ಇದೆ. ಅವಳ ಪುಸ್ತಕದಲ್ಲಿ, ಅಮೊನೈಟ್‌ಗಳು ಕೊನೆ ಕೊನೆಗೆ ಮುದಿಯಾಗಿ ಸೊಟ್ಟ ಸೊಟ್ಟ ಚಿಪ್ಪು ಬಿಟ್ಟು, ಮೆಲ್ಲಗೆ ಕಡಿಮೆಯಾಗಿ ಸತ್ತವು ಅಂತಿದೆ. ನೀವು ದಾರ ಹರೀತು ಅಂತೀರಿ. ಯಾವುದು?

ಕಲ್ಲು ಕುಟಿಗ · 9:35

ಆ ಪುಸ್ತಕ ರದ್ದಿಗೆ ಹಾಕ್ರಿ. ತಪ್ಪು ತಿಳಕೋಬ್ಯಾಡ್ರಿ, ನಾನೂ ಅದನ್ನ ಓದೇ ಬೆಳದಾಂವ.

ನೂರು ವರ್ಷಕ್ಕೂ ಹಿಂದ ಅಮೇರಿಕಾದ ಹಯಾಟ್ ಮುಂತಾದವ್ರು, ಮನಷ್ಯಾಗ ಮುಪ್ಪು ಬಂದಂಗ ಕುಲಕ್ಕೂ ಮುಪ್ಪು ಬರ್ತದ ಅಂತಿದ್ರು. ಅದಕ್ಕ ಸಾಕ್ಷಿ ಕ್ರಿಟೇಶಿಯಸ್‌ದ ಸುರುಳಿ ಬಿಚ್ಚಿದ ಅಮೊನೈಟ್‌ಗಳು. ಸಾದಾ ಅಮೊನೈಟ್ ಚಕ್ಕಲಿ ಹಂಗಿದ್ರ, ಇವು ಹೊಸದಾಗಿ ಕಲಿಯೋರು ಹಾಕಿದ ಜಿಲೇಬಿ. ಬ್ಯಾಕ್ಯುಲೈಟಿಸ್ ನೆಟ್ಟನೆ ಕೋಲು, ಸ್ಕ್ಯಾಫೈಟಿಸ್ ಕೊಕ್ಕಿ, ಟರಿಲೈಟಿಸ್ ಮೆಟ್ಟಲ ಸುತ್ತಿದಂಗ, ಜಪಾನ್‌ದಾಗ 1904ರಾಗ ಹೆಸರಿಟ್ಟ ನಿಪ್ಪೊನೈಟಿಸ್ ಅಂತೂ ದಾರದ ಗಂಟು. ನೋಡಿದವ್ರಿಗೆ ತಲಿ ಕೆಟ್ಟದ ಅನಸ್ತಿತ್ತು. ಆದ್ರ ಈ ಸೊಟ್ಟ ಕುಲಗಳು ಕೋಟಿಗಟ್ಟಲೆ ವರ್ಷ ಬಾಳ್ಯಾವ, ಲೋಕದ ತುಂಬ ಹಬ್ಬ್ಯಾವ. ಮುಪ್ಪಿನವರು ಹಂಗ ಬಾಳತಾರೇನು? ತಮಿಳುನಾಡಿನ ಅರಿಯಲೂರ ಸುತ್ತ ಇಂಥಾವು ಸಿಗತಾವ. 1860ರ ದಶಕದಾಗ ಬ್ಲಾನ್‌ಫೋರ್ಡ್ ಮತ್ತ ಸ್ಟೊಲಿಚ್ಕಾ ಅಲ್ಲಿನ ಸೆಫಲೋಪಾಡ್‌ಗಳ ಬಗ್ಗೆ ಬರದದ್ದನ್ನ ಇವತ್ತೂ ತಗದು ನೋಡತೇವಿ. ನಾನೂ ಒಮ್ಮೆ ಅಲ್ಲಿ ಕಾರೈ ಹಳ್ಳಕ್ಕ ಹೋಗಿದ್ದೆ. ಕೆಂಪು ಮಣ್ಣಿನ ಸಣ್ಣ ಸಣ್ಣ ಕೊರಕಲು, ಕಾಲಿಟ್ಟಲ್ಲೆಲ್ಲಾ ಬಳಪದ ತುಂಡಿನಂಥಾವು. ಕೈಯಾಗ ಹಿಡದ್ರ ಒಂದು ತುದಿ ಚೂಪು, ಮುರದಲ್ಲೆ ನಡುವಿನಿಂದ ಹೊರಗ ಕಿರಣದಂಗ ಎಳಿ. ಅವು ಬೆಲೆಮ್ನೈಟ್, ಬೊಂಡಾಸದ ಅಣ್ಣತಮ್ಮ, ಮೈಯೊಳಗಿನ ಎಲುಬಿನಂಥಾದ್ದು. ಅವೂ ಅದೇ 6.6ಕ್ಕೆ ಮುಗದ್ವು.

ಮೆಲ್ಲಗೆ ಕಡಿಮಿ ಆದಂಗ ಕಾಣೋದಕ್ಕ ಇನ್ನೊಂದು ಕಾರಣ ಅದ. ಮಾರ್ಕೆಟ್ ಯಾರ್ಡ್‌ಗೆ ನೀವು ಹದಿನೈದು ದಿನಕ್ಕೊಮ್ಮೆ ಹೋಗ್ತೀರಿ ಅನ್ಕೋರಿ. ಹಾಪೂಸ್ ರಾಶಿ ರಾಶಿ ಇರ್ತದ, ಕಡೀ ದಿನದ ತನಕಾ ನಿಮ್ಮ ಕಣ್ಣಿಗೆ ಬೀಳತದ. ಪಾಯ್ರಿ ಒಂದೋ ಎರಡೋ ಬುಟ್ಟಿ. ನೀವು ಹ್ವಾದ ದಿನ ಅದು ಬಂದಿಲ್ಲ ಅಂದ್ರ "ಪಾಯ್ರಿ ಮೇದಾಗೇ ಮುಗೀತು" ಅಂತೀರಿ. ಖರೇ ಅಂದ್ರ ಎರಡೂ ಒಂದ ದಿನ ಮುಗದಾವ, ಮಳಿ ಬಂದ ದಿನ. ಅಪರೂಪದ ಪಳಿಯುಳಿಕಿ ಕಡೀ ಸಲ ಕಾಣೋ ಪದರ ಯಾವಾಗಲೂ ಅದು ಖರೇ ಮುಗದ ಪದರಕಿಂತ ಕೆಳಗ ಬೀಳತದ. ಸಿನಾರ್ ಮತ್ತ ಲಿಪ್ಸ್ ಇದನ್ನ 1982ರಾಗ ತೋರಿಸಿಕೊಟ್ರು. ಆಮೇಲೆ ಸ್ಪೇನ್‌ದ ಜುಮಾಯಾದಾಗ ಮತ್ತ ಮತ್ತ ಹೋಗಿ ಹುಡುಕಿದ್ರು. ಮೊದಲ ಬ್ಯಾಗನ ಮುಗದ್ವು ಅನ್ನಿಸಿದ್ದ ಅಮೊನೈಟ್‌ಗಳು 6.6 ಕೋಟಿ ವರ್ಷದ ಗಡಿರೇಖೆ ತನಕಾ ಸಿಕ್ವು.

ವಾಸ್ಕೋ ಬಂದರು · ಭಾನುವಾರ, ಬೆಳಿಗ್ಗೆ 7:15

ಮಾರ್ಕೆಟ್ ಯಾರ್ಡ್ ಲೆಕ್ಕ ನನಗೆ ತಲೆಗೆ ಹೋಯ್ತು. ಜೆಟ್ಟಿಯಲ್ಲೂ ಹಾಗೇ, ಬಂಗಡೆ ಮುಗಿದ ದಿನ ಎಲ್ಲರಿಗೂ ಗೊತ್ತಾಗ್ತದೆ, ಸಣ್ಣ ಜಾತಿ ಮೀನು ಯಾವಾಗ ಹೋಯ್ತು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಆದರೆ ಕಾಕಾ, ಅನುಮಾನ. ಸೈಬೀರಿಯಾ ಲಾವಾ, ಅಟ್ಲಾಂಟಿಕ್ ಲಾವಾ ಅಂದ್ರಿ. 6.6 ಕೋಟಿ ಅಂದರೆ ನಮ್ಮ ಘಾಟಿನ ಲಾವಾ ಅಲ್ಲವೇ? ಹಾಗಾದರೆ ಅಮೊನೈಟ್‌ಗಳನ್ನು ಕೊಂದದ್ದು ನೀವು ಕೂತಿರುವ ಕಲ್ಲೇ?

ಡೊಂಬಿವ್ಲಿ ಭಟ್ರು · 7:40

ದೇವರೇ! ಸಾಲಿಗ್ರಾಮದ ವಂಶ ನಾಶ ಮಾಡಿದ್ದು ಸಹ್ಯಾದ್ರಿ!

ಕಲ್ಲು ಕುಟಿಗ · 10:20

ತಡಿರಿ, ಇಷ್ಟು ಸಲೀಸಾಗಿ ಫೈಸಲಾ ಮಾಡಬ್ಯಾಡ್ರಿ.

ಡೆಕ್ಕನ್ ಲಾವಾ ಇವತ್ತು ಉಳದದ್ದ ಐದು ಲಕ್ಷ ಚದರ ಕಿಲೋಮೀಟರ್ ಮ್ಯಾಲ ಅದ. ಮಹಾಬಳೇಶ್ವರ ಘಾಟ ಏರೋವಾಗ ಒಂದರ ಮ್ಯಾಲ ಒಂದು ಪದರ ಕಾಣ್ತಾವಲ್ಲ, ಒಂದು ಕಿಲೋಮೀಟರಕಿಂತ ದಪ್ಪ. ಅದು ಹರಿಯೋದು ಶುರುವಾಗಿ, ಇನ್ನೂ ಹರೀತಿದ್ದಾಗನ ಮೆಕ್ಸಿಕೋದ ಚಿಕ್ಸುಲೂಬ್‌ದಾಗ ಉಲ್ಕೆ ಬಿತ್ತು. 1980ರಾಗ ಅಲ್ವಾರೆಜ್ ಅಪ್ಪ ಮಗ ಗಡಿರೇಖೆ ಮಣ್ಣಿನ್ಯಾಗ ಉಲ್ಕೆಯೊಳಗ ಹೆಚ್ಚಿರೋ ಇರಿಡಿಯಂ ಲೋಹ ಹಿಡದ ಮ್ಯಾಲ ಈ ಕಥಿ ಎದ್ದಿದ್ದು. ನನಗ ಕೇಳಿದ್ರ, ಅಮೊನೈಟ್ ಮಟ್ಟಿಗೆ ಹೊಡತ ಹಾಕಿದ್ದು ಉಲ್ಕೆ. ಲಾವಾ ಒಂದ ಸಾಕಾಗಿದ್ರ ಅವು ಗಡಿರೇಖೆ ತನಕಾ ಅಷ್ಟು ಬಗಿ ಬಗಿಯಾಗಿ ಇರತಿದ್ದಿಲ್ಲ. ಡೆನ್ಮಾರ್ಕ್‌ದ ಸ್ಟೆವ್ನ್ಸ್ ಕ್ಲಿಂಟ್‌ದಾಗ ಗಡಿರೇಖೆ ಮ್ಯಾಲನೂ ಸ್ವಲ್ಪ ಹೊತ್ತು ಕೆಲವು ಉಳದಿದ್ವು ಅಂತ ವಾದ ಅದ. ಉಳದ್ರೂ ಮುಂದ ನಡೀಲಿಲ್ಲ.

ನನ್ನ ತಲಿ ತಿನ್ನೋ ಪ್ರಶ್ನೆ ಅದಲ್ಲ. ಸೈಬೀರಿಯಾದಾಗ ದಾಟಿದ್ವು, ಅಟ್ಲಾಂಟಿಕ್‌ದಾಗ ದಾಟಿದ್ವು. ಈ ಸಲ ಒಂದೂ ಎಳಿ ಯಾಕ ದಾಟಲಿಲ್ಲ? ಮತ್ತ ಅದೇ ಸಮುದ್ರದಾಗ, ಭಾಳ ಕಡಿಮಿ ಬಗಿ ಇದ್ದ ನಾಟಿಲಸ್ ಕುಲ ಹೆಂಗ ದಾಟಿತು?

ಉತ್ತರ ಬಹುಶಃ ಮರಿಯೊಳಗ ಅದ. ಅಮೊನೈಟ್ ಚಿಪ್ಪಿನ ನಟ್ಟನಡುವ ಒಂದು ಮಣಿ ಇರ್ತದ, ಹುಟ್ಟೋವಾಗಿನ ಚಿಪ್ಪು. ಅರ್ಧ ಮಿಲಿಮೀಟರಿನಿಂದ ಒಂದೂವರೆ ಮಿಲಿಮೀಟರ್. ರಾಗಿ ಕಾಳು. ಅಂಥಾವು ಸಾವಿರಗಟ್ಟಲೆ ಹುಟ್ಟಿ, ಸಮುದ್ರದ ಮ್ಯಾಲಿನ ನೀರಿನ್ಯಾಗ ಪ್ಲವಕದ (ನೀರಿನ್ಯಾಗ ತೇಲೋ ಸಣ್ಣ ಸಣ್ಣ ಜೀವಿ) ಜೋಡಿ ತೇಲತಿದ್ವು, ಅದನ್ನ ತಿಂತಿದ್ವು. ಬ್ಯಾರೆ ಗಂಟು ದಾಟಿದ ಮ್ಯಾಲ ಅಷ್ಟು ಬ್ಯಾಗ ಹಬ್ಬಿದ್ದೂ ಇದರಿಂದಾನ ಇರಬೇಕು, ರಾಗಿ ಚೆಲ್ಲಿದಂಗ ಎಲ್ಲಾ ಕಡೆ ಹೋಗ್ತಾವ. ಉಲ್ಕೆ ಬಿದ್ದಾಗ ಹೊಡತ ಬಿದ್ದದ್ದು ಅದೇ ಮ್ಯಾಲಿನ ನೀರಿಗೆ. ಸೂರ್ಯ ಮುಚ್ಚಿ ಹೋತು, ನೀರು ಹುಳಿ ಆತು, ಪ್ಲವಕ ಸತ್ತಿತು. ಸಣ್ಣ ಚಿಪ್ಪು ಕರಗಲಿಕ್ಕೂ ಸಾಕು, ಉಪವಾಸ ಬೀಳಲಿಕ್ಕೂ ಸಾಕು. ನಾಟಿಲಸ್ ತತ್ತಿ ಕೆಲವ ಇಡ್ತದ, ಆದ್ರ ದೊಡ್ಡದು. ಒಡೀಲಿಕ್ಕೆ ಹತ್ತಿರ ಹತ್ತಿರ ಒಂದು ವರ್ಷ. ಹೊರಗ ಬಂದ ಮರಿ ಚಿಪ್ಪು ಎರಡೂವರೆ ಸೆಂಟಿಮೀಟರ್.

ಡೊಂಬಿವ್ಲಿ ಭಟ್ರು · 10:41

ಅಂದರೆ ಸುಲಿದ ಗೋಟಡಿಕೆ. ರಾಗಿ ಹೋಯ್ತು, ಅಡಿಕೆ ಉಳೀತು.

ಕಲ್ಲು ಕುಟಿಗ · 10:44

ಭಟ್ರ, ಈ ಮಾತು ನಾ ಇನ್ನ ಮ್ಯಾಲ ಎಲ್ಲಾ ಕಡೆ ನಂದಂತ ಹೇಳೋಂವ.

ಅಂಧೇರಿ ಲೋಕಲ್ · 10:58

ಮೊದಲ ಗಂಟುಗಳಲ್ಲೂ ರಾಗಿಯೇ ಅಲ್ವಾ? ಆಗ ಹೇಗೆ ದಾಟಿದವು?

ಕಲ್ಲು ಕುಟಿಗ · 11:15

ಅದ ನೋಡ್ರಿ. ಪರ್ಮಿಯನ್ ಕಡೀಗೆ ಬಂದ ಕೇಡು ಸಾವಿರಾರು ವರ್ಷ ಎಳದಾಡಿದ್ದು. ಅಲ್ಲೊಂದು ಇಲ್ಲೊಂದು ತಂಪು ನೀರಿನ ಮೂಲಿ ಸಿಕ್ಕಿರಬೇಕು. ಉಲ್ಕೆದು ಒಂದು ದಿನದಾಗ ಶುರುವಾಗಿ, ಕೆಲವು ವರ್ಷದಾಗ ಇಡೀ ಲೋಕದ ಮ್ಯಾಲಿನ ನೀರಿಗೆ ಹತ್ತಿದ್ದು. ಎಲ್ಲಿ ಓಡ್ತಾವ? ಲೋಕದ ತುಂಬ ಹಬ್ಬಿದ್ದ ಕುಲಗಳು ಸ್ವಲ್ಪ ಹೆಚ್ಚು ತಡಕೊಂಡ್ವು ಅಂತ ಕಾಣ್ತದ. ಇದು ನನ್ನ ಲೆಕ್ಕ, ಒಪ್ಪಲಿಕ್ಕೇ ಬೇಕಂತಿಲ್ಲ.

ವಾಸ್ಕೋ ಬಂದರು · ಮಧ್ಯಾಹ್ನ 12:30

ಮೇಲೆ ಬೊಂಡಾಸ ಅಂದ್ರಲ್ಲ, ಇಲ್ಲಿ ಕೊಂಕಣಿಯವರು ಮಾಣ್ಕಿ ಅಂತಾರೆ. ಕಪ್ಪೆ ಬೊಂಡಾಸದ (ಕಟ್ಲ್‌ಫಿಶ್) ಬೆನ್ನಲ್ಲಿ ಬಿಳಿ ಹಲಗೆ ಇರ್ತದೆ, ನಮ್ಮ ಅಂಕೋಲೆಯಲ್ಲಿ ಕಡಲ ನೊರೆ ಅಂತ ಹೆಕ್ಕಿ ತಂದು ಗಿಳಿ ಪಂಜರಕ್ಕೆ ಸಿಕ್ಕಿಸ್ತಿದ್ದರು. ಇವತ್ತು ಬೆಳಿಗ್ಗೆ ಒಂದನ್ನು ಮುರಿದು ನೋಡಿದೆ. ಒಳಗೆ ತೆಳ್ಳಗೆ ಪದರ ಪದರ, ನಡುನಡುವೆ ಕೂದಲಿನಷ್ಟು ಸಣ್ಣ ಕಂಬಗಳು. ನೀರಿಗೆ ಹಾಕಿದರೆ ತೇಲ್ತದೆ. ಕಾಕಾ ಹೇಳಿದ ಕೋಣೆ ಲೆಕ್ಕವೇ ಇದು ಅಂತ ಕಂಡಿತು.

ಕಲ್ಲು ಕುಟಿಗ · 12:52

ಅದ ಲೆಕ್ಕ! ಚಿಪ್ಪು ಹೊರಗಿದ್ದದ್ದು ಮೈಯೊಳಗ ಹೋಗೇತಿ. ಇವತ್ತಿನ ಸಮುದ್ರದಾಗ ಸುಮಾರು 800 ಜಾತಿ ಸೆಫಲೋಪಾಡ್ ಅದಾವ, ಹೊರಗ ಚಿಪ್ಪು ಹೊತ್ತದ್ದು ನಾಟಿಲಸ್ ಕುಲ ಒಂದ. ಅದರ ಚಿಪ್ಪು ಸಂತಿಯೊಳಗ ಕಂಡ್ರ ತಗೋಬ್ಯಾಡ್ರಿ, ವನ್ಯಜೀವಿ ಕಾಯ್ದೆದಾಗ ಬರ್ತದ.

ಕೊಥ್ರೂಡಿನ ಸೊಸೆ · ಸಂಜೆ 6:40

ಎಲ್ಲರಿಗೂ ಅಪ್‌ಡೇಟ್.

ಗ್ರಾಫ್ ಹಾಳೆಯಲ್ಲಿ ಹಿಡಿಸಲಿಲ್ಲ ಅಂತ ಇವಳು ಚಾಕ್‌ಪೀಸ್ ತಗೊಂಡು ಪಾರ್ಕಿಂಗ್‌ಗೆ ಇಳಿದಳು. ನಮ್ಮ ಸೊಸೈಟಿ ನೆಲಕ್ಕೆ ಸಿಮೆಂಟ್ ಬ್ಲಾಕ್ ಹಾಕಿದ್ದಾರೆ. ಒಂದು ಬ್ಲಾಕಿಗೆ ಒಂದು ಕೋಟಿ ವರ್ಷ, ಗೇಟಿನ ಹತ್ತಿರ ಇವತ್ತು. 41ನೇ ಬ್ಲಾಕಿಂದ ಮಾಲೆ ಶುರು. ಹೂವಿನ ಕಡೆ ನಾಲ್ಕು ಬ್ಲಾಕ್ ಅಗಲ, ಗಂಟಿನಲ್ಲಿ ಒಂದೇ ಗೆರೆ. ಪಕ್ಕದಲ್ಲಿ ಹಳದಿ ಚಾಕಲ್ಲಿ ನಾಟಿಲಸ್. ಗೋಡೆ 44ಕ್ಕೇ ಬಂದುಬಿಟ್ಟಿತು, ಹಾಗಾಗಿ ಅದರ ವೈಭವದ ಕಾಲ ಗೋಡೆ ಮೇಲೆ ಹೋಗಿದೆ. ವಾಚ್‌ಮನ್ ಕಾಕಾ ಮೊದಲು ಬೈದರು, ಆಮೇಲೆ ಅವರೇ 25ರ ಗಂಟಿನ ಮೇಲೆ ಕಾರು ಬರದ ಹಾಗೆ ಕೋನ್ ಇಟ್ಟರು.

ಸಂಜೆ ಮಾವನವರು ದೇವಸ್ಥಾನದಿಂದ ಬಂದರು. ಇವಳು 15ನೇ ಬ್ಲಾಕಿನ ಮೇಲೆ ಸಣ್ಣ ಚಕ್ರ ಬರೆದು "ಅಜ್ಜ, ನಿಮ್ಮದು ಇಲ್ಲಿದೆ" ಅಂದಳು. ಅವರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿ, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು, ಆ ಬ್ಲಾಕ್ ಬಿಟ್ಟು ಪಕ್ಕದಿಂದ ದಾಟಿದರು.

ಈಗ ಒಂದೇ ಸಮಸ್ಯೆ. ಹಳದಿ ಗೆರೆ ಗೇಟಿನ ತನಕ ಬರಬೇಕಲ್ಲ, ಮೂರನೇ ಬ್ಲಾಕಿನ ಮೇಲೆ ಯಾರದೋ ಸ್ಕೂಟರ್ ನಿಂತಿದೆ.

ವಾಸ್ಕೋ ಬಂದರು · 6:44

ಸ್ಕೂಟರ್ ಸರಿಸಿ ಅಕ್ಕಾ. ಅಷ್ಟೆಲ್ಲ ದಾಟಿ ಬಂದದ್ದು ಅಲ್ಲಿ ನಿಲ್ಲಬಾರದು.